ಶಿಬಿರವೂ ಊರೂ

ವಿದ್ಯಾರ್ಥಿಗಳು ಹಳ್ಳಿಗೆ ಹೋಗಬೇಕೆಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಹೋಗಿ ಏನು ಮಾಡಬೇಕು, ಯಾರ ಮಾತಿನಂತೆ ಮಾಡಬೇಕು ಎಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ಕೇಳಿಕೊಂಡವರು ಮಾತ್ರ ವಿರಳ. ಮುಧೋಳ ತಾಲೂಕಿನ ತಿಮ್ಮಾಪುರ ಮತ್ತು ಅದರ ಸುತ್ತಣ ಕಬ್ಬಿನ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ಆ ಪ್ರಶ್ನೆಯನ್ನು ಇಂದು ಸ್ವಲ್ಪ ವಿಚಾರಿಸಬಹುದು.

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಮೊದಲಾದ ಈ ಕಾರ್ಯ ಇಂದು ಕಾಲೇಜು ಜೀವನದ ಒಂದು ಅಂಗವೇ ಆಗಿದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ, ಇದು ಅದರ ಕ್ರಮ.

ಶಿಬಿರದ ದಿನಚರಿ ನಮಗೆಲ್ಲ ಪರಿಚಿತವಾದದ್ದೇ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಬೀದಿ ಗುಡಿಸುವುದು, ಸಸಿ ನೆಡುವುದು. ಸಂಜೆ ಉಪನ್ಯಾಸ, ಕೊನೆಯ ದಿನ ಸಮಾರೋಪ. ಪಟ್ಟಣದಲ್ಲಿ ಬೆಳೆದ ಹುಡುಗನೊಬ್ಬ ಶಾಲೆಯ ಜಗಲಿಯ ಮೇಲೆ ಮಲಗಿ, ಹತ್ತು ಜನರೊಡನೆ ರೊಟ್ಟಿ ಹಂಚಿಕೊಂಡು ತಿಂದು ಹಿಂತಿರುಗುವುದೂ ಒಂದು ಶಿಕ್ಷಣವೇ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಆ ಶಿಕ್ಷಣದ ಲಾಭ ವಿದ್ಯಾರ್ಥಿಗೆ ದೊರೆಯಿತು, ಊರಿಗೆ ದೊರೆತದ್ದೇನು? ನೀರೆರೆಯುವವರು ಯಾರೆಂದು ಗೊತ್ತುಮಾಡದೆ ನೆಟ್ಟ ಸಸಿ ಬೇಸಿಗೆಯನ್ನು ಕಾಣುವುದಿಲ್ಲ.

ಈ ಸೀಮೆಯ ಜನಕ್ಕೆ ಶ್ರಮದಾನದ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಕೂಡಿಸಿ, ತಾವೇ ಮೈಮುರಿದು ದುಡಿದು ಒಂದು ಬ್ಯಾರೇಜನ್ನು ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದಾಳುತನ ವಹಿಸಿದ್ದ ಈ ಕೆಲಸ 1989ರಲ್ಲಿ ಮುಗಿಯಿತು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರೂ ಬಂದಿತು. ನದಿಯನ್ನೇ ತಡೆದು ನಿಲ್ಲಿಸಿದ ಜನರ ಮುಂದೆ ನಿಂತು ದುಡಿಮೆಯ ಮಹಿಮೆಯನ್ನು ಬಣ್ಣಿಸುವುದು, ಈಜು ಬಲ್ಲವನಿಗೆ ನೀರಿನ ಪರಿಚಯ ಮಾಡಿಕೊಟ್ಟಂತೆ.

ಹಾಗಾದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಲ್ಲಿಗೆ ಏನನ್ನು ತರಬಲ್ಲ? ಅವನಲ್ಲಿ ಇರುವುದು, ಊರಿನಲ್ಲಿ ಸುಲಭವಾಗಿ ದೊರೆಯದಿರುವುದು, ಅಳೆದು ಬರೆದಿಡುವ ಅಭ್ಯಾಸ. ಅದರ ಅಗತ್ಯ ಎಷ್ಟೆಂಬುದನ್ನು ಈ ನೆಲವೇ ಹೇಳುತ್ತದೆ.

ಕೃಷ್ಣಾ, ಘಟಪ್ರಭಾ ನದಿಗಳ ನೀರು ಕಬ್ಬನ್ನು ತಂದಿತು. ಕಬ್ಬು ಹಣವನ್ನು ತಂದಿತು. ಅವುಗಳ ಬೆನ್ನಿಗೇ ಸವಳು-ಜವಳೂ ಬಂದಿತು. ಕಪ್ಪು ಎರೆಮಣ್ಣು ನೀರನ್ನು ಬೇಗ ಬಸಿಯಗೊಡುವುದಿಲ್ಲ. ವರ್ಷವಿಡೀ ನೀರುಂಡ ಹೊಲದಲ್ಲಿ ಒಳನೀರು ಮೇಲೇರುತ್ತದೆ, ಬಿಸಿಲಿಗೆ ಆರುತ್ತದೆ, ತನ್ನಲ್ಲಿ ಕರಗಿದ್ದ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಬಿಳಿಯ ಪದರು ಕಣ್ಣಿಗೆ ಬೀಳುವ ಹೊತ್ತಿಗೆ ಇಳುವರಿ ಕುಸಿದಿರುತ್ತದೆ. ಇದಕ್ಕೆ ಉಪಾಯವಿಲ್ಲವೆಂದಲ್ಲ. ರಂಧ್ರಗಳುಳ್ಳ ಕೊಳವೆಗಳನ್ನು ಸುಮಾರು ಒಂದು ಮೀಟರ್ ಆಳದಲ್ಲಿ ಹೂಳಿ ನೀರನ್ನು ಹಳ್ಳಕ್ಕೆ ಬಸಿಯಬಹುದು. ಆದರೆ ಮೇಲಿನ ಹೊಲದ ನೀರು ಕೆಳಗಿನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕು. ಬದುವಿನ ಆಚೆಯವನು ಒಪ್ಪದಿದ್ದರೆ ಈಚೆಯವನ ಕೊಳವೆ ವ್ಯರ್ಥ. ಸವಳು ಒಬ್ಬನ ಹೊಲದ ರೋಗವಾಗಿ ಕಾಣಿಸಿಕೊಂಡರೂ ಅದರ ಚಿಕಿತ್ಸೆ ಇಡೀ ಊರಿನ ಒಪ್ಪಂದವನ್ನು ಬೇಡುತ್ತದೆ.

ಒಪ್ಪಂದಕ್ಕೆ ಆಧಾರ ಬೇಕು. ಯಾವ ಹೊಲದಲ್ಲಿ ಉಪ್ಪೆಷ್ಟು, ಯಾವ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಕುಡಿಯುವ ನೀರು ಯಾವ ಓಣಿಯಲ್ಲಿ ಕೆಟ್ಟಿದೆ ಎಂಬುದನ್ನು ತೋರಿಸುವ ಒಂದು ನಕ್ಷೆಯಿದ್ದರೆ ಜಗಳ ಕಡಿಮೆಯಾಗಿ ಮಾತು ಮುಂದುವರಿಯುತ್ತದೆ. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವಾಗಲಿ, 2008ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ತೋಟಗಾರಿಕಾ ವಿಶ್ವವಿದ್ಯಾಲಯವಾಗಲಿ ದೂರದ ಸಂಸ್ಥೆಗಳಲ್ಲ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತಕುಟುಂಬಗಳೊಡನೆ ಕೆಲಸ ಕಲಿಯುವ ಏರ್ಪಾಟೂ ಉಂಟು. ಇವರ ಜ್ಞಾನವೂ ಸೇವಾ ಯೋಜನೆಯ ಕೈಗಳೂ ಒಂದೇ ಊರಿನಲ್ಲಿ ಕೂಡಿದರೆ ಆ ನಕ್ಷೆ ಸಿದ್ಧವಾಗುವುದು ಕಷ್ಟವಲ್ಲ.

ಇದಕ್ಕೆ ಮೂರು ಕಟ್ಟಳೆಗಳು ಬೇಕೆಂದು ನನಗೆ ತೋರುತ್ತದೆ. ಮೊದಲನೆಯದು, ಪ್ರಶ್ನೆ ಊರಿನದಾಗಿರಬೇಕು. ಗ್ರಾಮಸಭೆ ಕೇಳಿದ್ದನ್ನೇ ವಿದ್ಯಾರ್ಥಿ ಹುಡುಕಬೇಕು. ಎರಡನೆಯದು, ದೊರೆತ ಉತ್ತರವನ್ನು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೂ ತಿಳಿಯುವಂತೆ ಅದೇ ಸಭೆಯಲ್ಲಿ ಓದಿ ಹೇಳಬೇಕು. ಹೆಂಗಸರು ಬಂದು ಕುಳಿತು ಕೇಳುವ ಹೊತ್ತಿನಲ್ಲಿ ಹೇಳಬೇಕು, ಏಕೆಂದರೆ ನೀರು ಹೊರುವವರು ಅವರು. ಮೂರನೆಯದು, ಈ ವರ್ಷ ಅಳೆದ ಬಾವಿಗಳನ್ನೇ ಮುಂದಿನ ವರ್ಷದ ತಂಡವೂ ಅಳೆಯಬೇಕು. ವಿದ್ಯಾರ್ಥಿಗಳು ಪಾಸಾಗಿ ಹೊರಟುಹೋಗುವವರು. ಪಂಚಾಯತಿಯ ಕಪಾಟಿನಲ್ಲಿರುವ ದಫ್ತರ ಉಳಿಯುವಂಥದು.

ಊರಿಗೂ ಹೊಣೆಯುಂಟು. ಬಂದ ಹುಡುಗರನ್ನು ನಾಲ್ಕು ದಿನದ ಅತಿಥಿಗಳೆಂದು ಉಪಚರಿಸಿ ಕಳುಹಿಸಿದರೆ ಸಾಲದು. ಅವರ ಲೆಕ್ಕ ತಪ್ಪಾಗಿದ್ದರೆ ತಪ್ಪೆನ್ನಬೇಕು. ಹಿಂದೆ ಹಳ್ಳದ ದಾರಿ ಎಲ್ಲಿತ್ತು, ಯಾರು ಮುಚ್ಚಿದರು ಎಂಬುದನ್ನು ಬಲ್ಲ ಹಿರಿಯರು ಬಾಯಿಬಿಟ್ಟು ಹೇಳಬೇಕು. ಅಂಥ ನೆನಪು ಯಾವ ಗ್ರಂಥಾಲಯದಲ್ಲಿಯೂ ದೊರೆಯದು.

ಪದವಿಯ ಉಳಿದೆಲ್ಲ ಪರೀಕ್ಷೆಗಳನ್ನು ವಿಶ್ವವಿದ್ಯಾಲಯ ತಾನೇ ನಡೆಸಿಕೊಳ್ಳಲಿ. ಈ ಒಂದು ಉತ್ತರಪತ್ರಿಕೆಯನ್ನು ಮಾತ್ರ ಊರು ತಿದ್ದಲಿ, ಅದೂ ಶಿಬಿರ ಮುಗಿದ ದಿನವಲ್ಲ. ಮೂರು ಬೇಸಿಗೆ ಕಳೆದ ಮೇಲೆ.