ಕೆಲಸದ ಜಾಗದಲ್ಲಿ ನಮ್ಮ ಪಾಲು

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಾರ್ಮಿಕ ಬಂಧುಗಳ ಸಭೆಯಲ್ಲಿ ಆಡಿದ ಮಾತು)

ಅಣ್ಣಾರೇ, ಅಕ್ಕಾರೇ, ಪಾಳಿ ಮುಗಿಸಿ ಮನಿಗೂ ಹೋಗದೆ ನೆಟ್ಟಗೆ ಇಲ್ಲಿಗೇ ಬಂದ ಬಂಧುಗಳೇ, ಜೈ ಭೀಮ್.

ಇವತ್ತು ನಾವು ಗುಡಿಯ ಬಾಗಿಲಿನ ಬಗ್ಗೆ ಮಾತಾಡುವುದಿಲ್ಲ. ಕಾರ್ಖಾನೆಯ ಗೇಟು, ಕಚೇರಿಯ ಕುರ್ಚಿ, ಅಲ್ಲಿ ಮೂಲೆಯಲ್ಲಿ ಇಟ್ಟ ಕುಡಿಯುವ ನೀರಿನ ಕೊಡ, ಇವುಗಳ ಬಗ್ಗೆ ಮಾತಾಡುತ್ತೇವೆ. ಗುಡಿಗೆ ಹೋಗದೆ ಬದುಕಬಹುದು. ಪಗಾರ ಇಲ್ಲದೆ ಒಲಿ ಹತ್ತೂದಿಲ್ಲ.

ನಮ್ಮ ಸೀಮೆಯಲ್ಲಿ ಕೆಲಸದ ಜಾಗಗಳಿಗೆ ಬರ ಇಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಶುರುವಾದದ್ದು 1885ರಲ್ಲಿ. ಧೂಪದಾಳದ ಒಡ್ಡು, ಹಿಡಕಲ್ಲಿನ ಆಣೆಕಟ್ಟು, ಘಟಪ್ರಭೆಯ ಕಾಲುವೆ, ಆ ನೀರಿಗೆ ಬೆಳೆದ ಕಬ್ಬು, ಆ ಕಬ್ಬಿಗೆ ಎದ್ದು ನಿಂತ ಸಕ್ಕರೆ ಕಾರ್ಖಾನೆಗಳು. ಹುಕ್ಕೇರಿಯಲ್ಲಿ ಕರೆಂಟು ಹಂಚುವುದಕ್ಕೂ ಸಹಕಾರಿ ಸಂಘ ಐತಿ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು, ಹೊಸ ಕಚೇರಿಗಳು ಬಂದವು. ನಾವು ಕೇಳುವ ಪ್ರಶ್ನೆ ಒಂದೇ: ಈ ಎಲ್ಲಾ ಜಾಗಗಳ ಒಳಗ ಯಾರು ಕುಂತಾರ, ಯಾರು ನಿಂತಾರ, ಯಾರ ಕೈಯಾಗ ಕಸಬರಿಗಿ ಐತಿ?

ಇದು ಹೊಸ ಪ್ರಶ್ನೆ ಅಲ್ಲ. ನಮ್ಮ ಮಗ್ಗುಲಿನ ಕೊಲ್ಲಾಪುರದಲ್ಲೇ ಇದಕ್ಕೆ ಒಬ್ಬ ರಾಜ ಉತ್ತರ ಕೊಟ್ಟಿದ್ದ. 1902ರ ಜುಲೈ 26ರಂದು ಶಾಹು ಮಹಾರಾಜರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಎಂದು ಆದೇಶ ಹೊರಡಿಸಿದರು. ಆಗ ಗೋಕಾಕ, ಹುಕ್ಕೇರಿ ಸೀಮೆ ಮುಂಬಯಿ ಸರ್ಕಾರದ ಕೈಯಲ್ಲಿತ್ತು. ಆ ಆದೇಶ ನಮ್ಮ ತನಕ ಬರಲಿಲ್ಲ.

ಆದರೆ ಆದೇಶ ಹೊರಡಿಸಿದ ರಾಜನ ಅರಮನೆಯಲ್ಲೇ ಏನಾಯಿತು ಕೇಳ್ರಿ. ಗಂಗಾರಾಮ ಕಾಂಬಳೆ ಎಂಬ ನಮ್ಮ ಬಂಧು ಅಲ್ಲಿ ಕುದುರೆ ಲಾಯದ ಚಾಕರಿಯಲ್ಲಿದ್ದರು. ಮೇಲಿನ ಜಾತಿಯವರ ನೀರಿನ ಹೌದು ಮುಟ್ಟಿದರು ಅಂತ ಜೊತೆಗೆ ದುಡಿಯುವವರೇ ಅವರನ್ನು ಹೊಡೆದರು. ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು. ಗಂಗಾರಾಮರಿಗೆ ಊರೊಳಗೆ ಚಾದಂಗಡಿ ಹಾಕಿಕೊಳ್ಳಲು ನೆರವಾದರು. ಜನ ಆ ಅಂಗಡಿಗೆ ಕಾಲಿಡದಿದ್ದಾಗ ತಾವೇ ಹೋಗಿ ಚಾ ಕುಡಿದರು. ಈ ಕಥೆ ನಾವು ಯಾಕೆ ಹೇಳುತ್ತೇವೆ? ಕೆಲಸ ಸಿಗುವುದು ಬೇರೆ, ಕೆಲಸದ ಜಾಗದಲ್ಲಿ ಮನುಷ್ಯನಾಗಿ ಇರುವುದು ಬೇರೆ. ಮೊದಲನೆಯದು ಆದೇಶದಿಂದ ಬರ್ತದ. ಎರಡನೆಯದಕ್ಕೆ ಯಾರಾದರೂ ಎದ್ದು ಅಂಗಡಿ ತನಕ ನಡೆದು ಹೋಗಬೇಕಾಗ್ತದ.

ಕಲಿತರೆ ಇದೆಲ್ಲಾ ಹೋಗ್ತದ ಅಂತಾರ. ಬಾಬಾಸಾಹೇಬರಿಗಿಂತ ಕಲಿತವರು ಯಾರಿದ್ದರು? 1917ರಲ್ಲಿ ಅಮೇರಿಕಾ, ಲಂಡನ್ನಿನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಅಲ್ಲಿ ಸಿಪಾಯಿಗಳು ಫೈಲುಗಳನ್ನು ದೂರದಿಂದ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು. ಇರಲು ಬಾಡಿಗೆ ಮನೆ ಸಿಗಲಿಲ್ಲ. ನೌಕರಿ ಬಿಟ್ಟು ಮುಂಬಯಿಗೆ ಬಂದು ಪ್ರೊಫೆಸರ್ ಆದರೆ, ಅಲ್ಲೂ ಪ್ರೊಫೆಸರುಗಳ ನೀರಿನ ಪಾತ್ರೆಯ ತಕರಾರು!

ಮುಂಬಯಿ ಗಿರಣಿಗಳ ಸಂಗತಿ ನಮ್ಮ ಕಾರ್ಮಿಕ ಬಂಧುಗಳು ಚೆನ್ನಾಗಿ ತಿಳಿಯಬೇಕು. ಅಲ್ಲಿ ನೇಯ್ಗೆ ಖಾತೆಯಲ್ಲಿ ಪಗಾರ ಹೆಚ್ಚು. ನಮ್ಮವರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಕಡಿಮೆ ಪಗಾರದ ನೂಲುವ ಖಾತೆಯಲ್ಲೇ ಕೊಳೆಯಬೇಕು. ಕಾರಣ ಏನು ಗೊತ್ತೇ? ಲಾಳಿಯ ಕಂಡಿಕೆ ಬದಲಿಸುವಾಗ ನೂಲನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ನಮ್ಮವರ ಬಾಯಿ ಹತ್ತಿದ ಲಾಳಿಗೆ ತಾವು ಹೆಂಗ ಬಾಯಿ ಹಚ್ಚೂದು? ಇಷ್ಟೇ ಕಾರಣ. ಹಿಂಗಂದವರು ಮಾಲೀಕರಲ್ಲ, ಕೆಂಪು ಬಾವುಟದ ಕೆಳಗೆ ನಿಂತ ಕಾರ್ಮಿಕರು. 1920ರ ದಶಕದ ಕೊನೆಯ ಮುಷ್ಕರಗಳ ಕಾಲದಲ್ಲಿ ಬಾಬಾಸಾಹೇಬರು ಯೂನಿಯನ್ ಮುಖಂಡರಿಗೆ ನೇರವಾಗಿ ಹೇಳಿದರು: ಎಲ್ಲಾ ಖಾತೆಗಳಲ್ಲೂ ನಮ್ಮವರಿಗೆ ಕೆಲಸ ಎಂಬ ಬೇಡಿಕೆ ಸೇರಿಸಿ, ಇಲ್ಲದಿದ್ದರೆ ನಮ್ಮವರನ್ನು ಮುಷ್ಕರದಿಂದ ದೂರ ಇರಲು ಹೇಳುತ್ತೇವೆ. ಮುಖಂಡರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಆ ಬೇಡಿಕೆ ಎದುರಿಗಿಟ್ಟಾಗ ಮಾಲೀಕರು, ಈ ಅನ್ಯಾಯ ಮಾಡಿದವರು ನಾವಲ್ಲ ಅಂತ ತಿರುಗಿ ಚುಚ್ಚಿದರು.

1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಪರಿಷತ್ತಿನಲ್ಲಿ ಬಾಬಾಸಾಹೇಬರು ಇನ್ನೊಂದು ಸಂಗತಿ ಬಿಚ್ಚಿಟ್ಟರು. ರೈಲ್ವೆಯಲ್ಲಿ ನಮ್ಮವರು ಹಳಿಯ ಮೇಲಿನ ಗ್ಯಾಂಗ್‌ಮನ್ ಆಗಬಹುದು, ಪೋರ್ಟರ್ ಆಗುವ ಹಾಗಿಲ್ಲ. ಯಾಕಂದರೆ ಪೋರ್ಟರ್ ಸ್ಟೇಷನ್ ಮಾಸ್ತರನ ಮನೆಗೆಲಸವನ್ನೂ ಮಾಡಬೇಕು. ನಮ್ಮವರು ಮನೆಯೊಳಗೆ ಹೋದರೆ ಮೈಲಿಗೆ! ಅದೇ ಪರಿಷತ್ತಿನಲ್ಲಿ ಅವರು ಕಾರ್ಮಿಕನಿಗೆ ಇಬ್ಬರು ಶತ್ರುಗಳು ಅಂದರು: ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ. 1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಮರುವರ್ಷವೇ ಕೇಂದ್ರ ಸರ್ಕಾರದ ನೌಕರಿಗಳಲ್ಲಿ ನಮಗೆ ಶೇಕಡಾ 8⅓ ಪಾಲು ನಿಗದಿಯಾಯಿತು. ಮುಂದೆ ಸಂವಿಧಾನದ 16ನೇ ವಿಧಿ ಬಂತು, ಅಸ್ಪೃಶ್ಯತೆ ಅಳಿಸುವ 17ನೇ ವಿಧಿ ಬಂತು.

ಈಗ ನಮ್ಮ ಊರಿನ ಮಾತಿಗೆ ಬರೋಣ. ನಮ್ಮ ಪೈಕಿ ಒಬ್ಬರು ಐಟಿಐ ಫಿಟ್ಟರ್ ಪಾಸಾದವರು. ಒಂದು ಕಾರ್ಖಾನೆಗೆ ಸೇರಿದರು. ಹೆಸರು ಬೇಡ, ಎಲ್ಲಾ ಕಡೆ ಇದೇ ಹಣೆಬರಹ. ಕೊಟ್ಟ ಕೆಲಸ ಬೂದಿ ಎಳೆಯುವುದು, ಕಸ ಹೊಡೆಯುವುದು. "ಸದ್ಯಕ್ಕ ಮಾಡು, ಆಮ್ಯಾಲ ನೋಡೂಣು" ಅಂದರು. ಆ ಸದ್ಯಕ್ಕೆ ಒಂಬತ್ತು ವರ್ಷ ತುಂಬಿತು. ಹಿಂದಿನಿಂದ ಬಂದವರು ಫಿಟ್ಟರ್ ಆದರು, ಕಾಯಂ ಆದರು. ಇವರು ಗುತ್ತಿಗೆಯಲ್ಲೇ ಉಳಿದರು. ಚಾ ಬಂದರೆ ಇವರಿಗೆ ಬೇರೆ ವಾಟಗ, ಅದನ್ನು ಗೋಡೆಯ ಹಿಂದೆ ಇಡಬೇಕು. ಅರ್ಜಿ ಬರೆದೆವು. ಏಳು ಮಂದಿ ಸಹಿ ಹಾಕಿದರು. ಸಂಜೆಯೊಳಗೆ ಮೂವರು ಬಂದು ಹೆಸರು ಹೊಡೆಸಿದರು. ಅವರಿಗೂ ಮಕ್ಕಳಿದ್ದರು, ನಾವು ಬೈಯಲಿಲ್ಲ. ಯೂನಿಯನ್ನಿನ ಹಿರಿಯರು, "ಜಾತಿ ಮಾತು ತೆಗೆದು ಸಂಘ ಒಡೀಬ್ಯಾಡ್ರಿ" ಅಂದರು. ವಾಟಗ ಬೇರೆ ಇಟ್ಟವರು ಸಂಘ ಒಡೆದರೋ, ವಾಟಗದ ಬಗ್ಗೆ ಕೇಳಿದ ನಾವು ಒಡೆದೆವೋ? ಕೊನೆಗೆ ವಾಟಗ ಒಂದೇ ಆಯಿತು. ಫಿಟ್ಟರ್ ಕೆಲಸ ಇನ್ನೂ ಸಿಕ್ಕಿಲ್ಲ.

ಬಂಧುಗಳೇ, ಆ ಅರ್ಜಿಯನ್ನು ಮೊನ್ನೆ ತೆಗೆದು ಓದಿದೆವು. ನಮಗೇ ನಾಚಿಕೆ ಆಯಿತು. ಅಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಅದೇ ಕಾರ್ಖಾನೆಯಲ್ಲಿ ಸಂಡಾಸ ತೊಳೆಯುವ ನಮ್ಮ ಅಕ್ಕಂದಿರನ್ನು ನಾವು ಕೇಳಲೇ ಇಲ್ಲ. ಅವರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಇಲ್ಲ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಹೊಲೆಯ, ಮಾದಿಗ, ಸಮಗಾರ ಅಂತ ನಾವೂ ಬೇರೆ ಬೇರೆ ಕುಂತು ರೊಟ್ಟಿ ತಿಂದಿದ್ದೇವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಮಾಡಬಹುದು ಎಂದು ತೀರ್ಪು ಕೊಟ್ಟಿತು. ನಮ್ಮೊಳಗೇ ಹಿಂದೆ ಬಿದ್ದವರ ಪಾಲನ್ನು ನಾವು ಗುರುತಿಸದೆ, ಮೇಲಿನವರಿಗೆ ನಮ್ಮ ಪಾಲು ಕೊಡ್ರಿ ಅಂತ ಯಾವ ಬಾಯಿಂದ ಕೇಳೂದು?

ಇನ್ನೊಂದು ಮೋಸ ತಿಳಿಯಿರಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಮೀಸಲಾತಿ 2022ರಲ್ಲಿ 15ರಿಂದ 17ಕ್ಕೆ ಏರಿತು. ಕೇಳಲು ಚೆಂದ. ಆದರೆ ಖಾಸಗಿ ಕಂಪನಿಗೆ ಈ ಲೆಕ್ಕ ಹತ್ತುವುದಿಲ್ಲ. ಸರ್ಕಾರಿ ಕಚೇರಿಯಲ್ಲೂ ಕಾಯಂ ಹುದ್ದೆ ತುಂಬದೆ ಗುತ್ತಿಗೆಗೆ ಕೊಟ್ಟರೆ, ಪಾಲು ಹಾಳೆಯ ಮೇಲೆ ಉಳಿದು ಕೆಲಸ ಗುತ್ತಿಗೆದಾರನ ಕಿಸೆಗೆ ಹೋಗ್ತದ.

ಹಂಗಾದರೆ ಏನು ಮಾಡುವುದು? ಚಪ್ಪಾಳೆ ತಟ್ಟಿ ಮನೆಗೆ ಹೋಗುವುದಲ್ಲ.

ಒಂದು: ನೀವು ದುಡಿಯುವ ಜಾಗದಲ್ಲಿ ಯಾವ ಕೆಲಸಕ್ಕೆ ಯಾರು, ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಹೆಣ್ಣುಮಕ್ಕಳು ಎಷ್ಟು, ಬರೆದುಕೊಂಡು ಬರ್ರಿ. ಬರೆಯಲು ಬಾರದವರು ಮಕ್ಕಳ ಕೈಯಿಂದ ಬರೆಸಿರಿ.

ಎರಡು: ಸರ್ಕಾರಿ ಕಚೇರಿಗಳ ರೋಸ್ಟರ್ ಪುಸ್ತಕ ಮತ್ತು ಸೇವಾ ಹಿರಿತನದ ಪಟ್ಟಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಿರಿ. 30 ದಿನದೊಳಗೆ ಉತ್ತರ ಕೊಡಬೇಕು.

ಮೂರು: ಹತ್ತು ಮಂದಿ ದುಡಿಯುವ ಕಡೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ಇದು 2013ರ ಕಾಯ್ದೆ. ಸಮಿತಿ ಐತೋ ಇಲ್ಲೋ ಕೇಳಿರಿ.

ನಾಲ್ಕು: ಅರ್ಜಿಗೆ ಒಬ್ಬನೇ ಸಹಿ ಹಾಕಬೇಡಿರಿ. ಒಬ್ಬನನ್ನು ಗೇಟಿನ ಹೊರಗೆ ಹಾಕುವುದು ಸುಲಭ.

ಐದು: ನಾಳೆಯಿಂದ ಊಟದ ಹೊತ್ತಿಗೆ ನಮ್ಮ ಎಲ್ಲಾ ಓಣಿಯವರೂ, ಅಕ್ಕಂದಿರೂ ಕೂಡಿ ಒಂದೇ ಕಡೆ ಬುತ್ತಿ ಬಿಚ್ಚಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಾವು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ. ಕಬ್ಬು ಕಡಿದವರು ನಾವು, ಕಾಲುವೆ ತೋಡಿದವರು ನಾವು, ಗಿರಣಿಯ ನೂಲಿನಲ್ಲಿ ನಮ್ಮ ಉಸಿರೂ ಸೇರಿದೆ. ಮುಂದಿನ ಸಭೆಗೆ ಬರುವಾಗ ಬರಿಗೈಲಿ ಬರಬೇಡಿರಿ, ಬರೆದ ಹಾಳೆ ತರ್ರಿ. ಮೂರೂ ತಾಲೂಕಿನ ಹಾಳೆಗಳನ್ನು ಜೋಡಿಸಿ ಓದೋಣ. ಆ ಫಿಟ್ಟರ್ ಅಣ್ಣನ ಅರ್ಜಿಯನ್ನು ಹೊಸದಾಗಿ ಬರೆಯೋಣ. ಈ ಸಲ ಮೊದಲ ಸಹಿ ನಮ್ಮ ಅಕ್ಕಂದಿರದು.

ಜೈ ಭೀಮ್.