ಒಲಿಂಪಿಕ್ ಬೆಟ್ಟಗಳು ಮತ್ತು ನಮ್ಮ ಘಟ್ಟ



ಇಂದು ನಾನು ಮಾತನಾಡುವುದು ನಮ್ಮ ಸಿಯಾಟಲ್‌ನ ಪಶ್ಚಿಮಕ್ಕಿರುವ ಒಲಿಂಪಿಕ್ ಬೆಟ್ಟಸಾಲಿನ ಬಗ್ಗೆ. ಮೋಡವಿಲ್ಲದ ದಿನ ಅದು ನೀರಿನಾಚೆ ಹಿಮ ಹೊತ್ತು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಅತಿ ಎತ್ತರದ ಶಿಖರ ಮೌಂಟ್ ಒಲಿಂಪಸ್, ಸುಮಾರು 2,430 ಮೀಟರ್.

ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿಗೆ ಈ ಬೆಟ್ಟಗಳು ಅಡ್ಡ ನಿಂತಿವೆ. ಗಾಳಿ ಮೇಲೇರಿ, ತಣ್ಣಗಾಗಿ, ಮಳೆ ಸುರಿಸುತ್ತದೆ. ಪಶ್ಚಿಮದ ಹೋ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 350 ಸೆಂ.ಮೀ. ಮಳೆ. ಅಲ್ಲಿ ಮರದ ಕೊಂಬೆಗಳಿಂದೆಲ್ಲ ಪಾಚಿ ಜೋತಾಡುತ್ತದೆ. ಬೆಟ್ಟ ದಾಟಿ ಈಶಾನ್ಯಕ್ಕೆ ಇಳಿಯುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಮುಗಿದಿರುತ್ತದೆ. ಆ ಕಡೆಯ ಸ್ಕ್ವಿಮ್ ಊರಿಗೆ ಸಿಗುವುದು ಸುಮಾರು 40 ಸೆಂ.ಮೀ. ಮಾತ್ರ. ಎರಡರ ನಡುವಿನ ನೇರ ಅಂತರ 100 ಕಿ.ಮೀ. ಕೂಡ ಇಲ್ಲ. ಇದನ್ನೇ ಮಳೆನೆರಳು ಎನ್ನುತ್ತಾರೆ.

ಹೈಸ್ಕೂಲಿನಲ್ಲಿ ಈ ಪಾಠ ಬಂದಾಗ ನನಗೆ ಹೊಸದೆನಿಸಲಿಲ್ಲ. ಕರಾವಳಿ, ಘಟ್ಟ, ಮಲೆನಾಡು, ಬಯಲುಸೀಮೆ ಎಂಬ ಪದಗಳನ್ನು ಈ ಶಾಲೆಯಲ್ಲಿ ಆಗಲೇ ಕಲಿತಿದ್ದೆ. ಅಪ್ಪನ ಊರು ತೀರ್ಥಹಳ್ಳಿ, ಅಮ್ಮನ ತವರು ಹಿರಿಯೂರು. ಜುಲೈನಲ್ಲಿ ಫೋನ್ ಮಾಡಿದರೆ ತೀರ್ಥಹಳ್ಳಿಯ ಅಜ್ಜ, “ಮಳೆ ಬಿಡ್ತಾನೇ ಇಲ್ಲ ಮಾರಾಯ್ತಿ” ಎನ್ನುತ್ತಾರೆ. ಹಿರಿಯೂರಿನ ಅಜ್ಜಿ, “ಮೋಡ ಆಗ್ತೈತೆ, ಮಳೆನೇ ಬರ್ತಿಲ್ಲ ಕಣವ್ವ” ಎನ್ನುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂ.ಮೀ.ಗೂ ಹೆಚ್ಚು ಮಳೆ. ಹಿರಿಯೂರಿರುವ ಚಿತ್ರದುರ್ಗ ಜಿಲ್ಲೆಯಲ್ಲಿ 60ರ ಆಸುಪಾಸು. ಅಜ್ಜ, ಅಜ್ಜಿ ಹೇಳುವುದು ಒಂದೇ ಬೆಟ್ಟಸಾಲಿನ ಎರಡು ಮಗ್ಗುಲಿನ ಸುದ್ದಿ.

ವ್ಯತ್ಯಾಸವೂ ಇದೆ. ಅಲ್ಲಿ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಮಳೆಗಾಲವೆಂದರೆ ಚಳಿಗಾಲ. ಎತ್ತರದಲ್ಲಿ ಅದು ಹಿಮವಾಗಿ ಬೀಳುತ್ತದೆ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದು. ಮಳೆ ತಡೆಯುವ ಬೆಟ್ಟವೇ ಆಚೆ ಕಡೆಗೆ ಹೊಳೆ ಕಳಿಸುತ್ತದೆ. ಸ್ಕ್ವಿಮ್‌ನ ಹೊಲಗಳಿಗೆ ನೀರು ಡಂಜನೆಸ್ ಹೊಳೆಯದು, ಅದು ಒಲಿಂಪಿಕ್ ಹಿಮ ಕರಗಿ ಬಂದದ್ದು. ಹಿರಿಯೂರಿಗೆ ಬರುವ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದಕ್ಕೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಹಾಗಾಗಿ ಬೆಟ್ಟದ ಮೇಲೆ ಏನಾದರೂ ಕೆಟ್ಟರೆ ಬಯಲಿಗೂ ತೊಂದರೆ. ಇಲ್ಲಿ ಹಿಮನದಿಗಳು ಈಗಾಗಲೇ ಕುಗ್ಗುತ್ತಿವೆ.

ಕೊನೆಗೆ ಒಂದು ಕೋರಿಕೆ. ಮನೆಗಳಲ್ಲಿ ನಾವು ಊಟ, ತಿಂಡಿ, ಹಬ್ಬದ ಮಾತನ್ನು ಕನ್ನಡದಲ್ಲಿ ಆಡುತ್ತೇವೆ. ಶಾಲೆಯ ಪಾಠದ ವಿಷಯ ಬಂದ ಕೂಡಲೇ ಇಂಗ್ಲಿಷಿಗೆ ಹೊರಳುತ್ತೇವೆ. ಹೀಗಾದರೆ ನಮಗೆ ಕನ್ನಡ ಊರಿನ ನೆನಪಿನ ಭಾಷೆಯಾಗಿ ಮಾತ್ರ ಉಳಿಯುತ್ತದೆ. ಮುಂದಿನ ತರಗತಿಯ ಮಕ್ಕಳಿಗೆ ಇಲ್ಲಿನ ಬೆಟ್ಟ, ಹೊಳೆ, ಮಳೆಯ ಪಾಠವನ್ನೂ ಕನ್ನಡದಲ್ಲಿ ಹೇಳಿಕೊಡಿ. ಹೋ ಕಣಿವೆಗೆ ಕರೆದುಕೊಂಡು ಹೋದಾಗ “ಇದು ಇಲ್ಲಿಯ ಮಲೆನಾಡು” ಎಂದು ತೋರಿಸಿ. ಅವರಿಗೆ ಎರಡು ಊರೂ ಅರ್ಥವಾಗುತ್ತವೆ.

ನನಗೆ ಆ ಪದಗಳನ್ನು ಕೊಟ್ಟ ಗುರುಗಳಿಗೆ, ಪ್ರತಿ ಶನಿವಾರ ಬೆಳಿಗ್ಗೆ ಎಬ್ಬಿಸಿ ಇಲ್ಲಿಗೆ ಕರೆತಂದ ಅಪ್ಪ-ಅಮ್ಮನಿಗೆ ಧನ್ಯವಾದಗಳು.