ಹಳೆಯ ವಿಳಾಸದ ಆಯುಷ್ಯ

ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "48 ಗಂಟೆ ಕಾಯಿರಿ." ಕಣ್ಣು ಮಿಟುಕಿಸುವಷ್ಟರಲ್ಲಿ ಪತ್ರ ತಲುಪಿಸುವ ಜಾಲಕ್ಕೆ ಎರಡು ದಿನ ಯಾಕೆ ಬೇಕು?

ಇಂದಿನ ಇಂಟರ್ನೆಟ್‌ಗೆ ಮೂಲವಾದ 1970ರ ದಶಕದ ಅರ್ಪಾನೆಟ್‌ನಲ್ಲಿ ಕಂಪ್ಯೂಟರುಗಳ ಹೆಸರು, ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಬದಲಾವಣೆ ಇದ್ದರೆ ಅವರಿಗೆ ತಿಳಿಸಬೇಕಿತ್ತು. ವಾರಕ್ಕೊಂದೆರಡು ಸಲ ತಿದ್ದಿದ ಕಡತ ಸಿದ್ಧವಾಗುತ್ತಿತ್ತು. ಅದನ್ನು ಇಳಿಸಿಕೊಳ್ಳದವರ ಪಾಲಿಗೆ ಹೊಸ ಕಂಪ್ಯೂಟರ್ ಹುಟ್ಟೇ ಇರಲಿಲ್ಲ. ಹಾಗೆ ನೋಡಿದರೆ ಎರಡು ದಿನ ಕಡಿಮೆಯೇ!

1983ರಲ್ಲಿ ಪಾಲ್ ಮಾಕಪೆಟ್ರಿಸ್ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್ ರೂಪಿಸಿ ಆ ಪಟ್ಟಿಯನ್ನು ಒಡೆದು ಹಂಚಿದರು. ಪ್ರತಿ ಡೊಮೇನ್‌ನ ಲೆಕ್ಕ ಅದರ ಒಡೆಯರ ಕೈಗೆ ಬಂತು. ಆದರೆ ಪ್ರತಿ ಪ್ರಶ್ನೆಯೂ ಅವರ ಬಾಗಿಲಿಗೇ ಬಂದರೆ ಸರ್ವರ್‌ಗಳು ತಡೆದಾವೇ? ಅದಕ್ಕೇ ಉತ್ತರ ಪಡೆದವರು ಅದನ್ನು ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಟ್ಟರು. ಎಷ್ಟು ಹೊತ್ತು? ಹಾಲಿನ ಪ್ಯಾಕೆಟ್ ಮೇಲಿನ ತಾರೀಕಿನಂತೆ ಉತ್ತರದ ಜೊತೆಗೇ ಒಂದು ಅವಧಿ ಬರುತ್ತದೆ. ಅದೇ ಟಿಟಿಎಲ್. ಲೆಕ್ಕ ಸೆಕೆಂಡುಗಳಲ್ಲಿ, 86,400 ಎಂದರೆ ಒಂದು ದಿನ.

ಹಾಗಾಗಿ ಹೊಸ ವಿಳಾಸವನ್ನು ಯಾರೂ ಜಗತ್ತಿಗೆಲ್ಲ ಹಂಚುತ್ತ ಹೋಗುವುದಿಲ್ಲ. ಹಳೆಯದೇ ಒಂದೊಂದು ಕಡೆ ಒಂದೊಂದು ಗಳಿಗೆಯಲ್ಲಿ ಅವಧಿ ಮುಗಿಸುತ್ತದೆ. ಒಂದೇ ಮನೆಯಲ್ಲಿ ವೈಫೈ ಹಳೆಯ ಪುಟ ತೋರಿಸುವಾಗ ಮೊಬೈಲ್ ಡೇಟಾ ಹೊಸದನ್ನು ತೋರಿಸಬಹುದು. ತಕ್ಷಣದ ನಿಖರತೆಗಿಂತ ಉತ್ತರ ಸಿಗುವುದೇ ಮುಖ್ಯ ಎಂದು ಅಂದು ತಿಳಿದೇ ಮಾಡಿದ ಆಯ್ಕೆ ಇದು. ನನ್ನ ಮಟ್ಟಿಗೆ ಸರಿಯಾದದ್ದೇ.

48ರ ಲೆಕ್ಕಕ್ಕೂ ಆಧಾರವಿದೆ. ಡಾಟ್ ಕಾಮ್ ಹೆಸರುಗಳ ವಿಳಾಸ ಹೇಳುವ ನೇಮ್‌ಸರ್ವರ್ ಯಾವುದೆಂದು ಹೇಳುವ ಮೇಲಿನ ಹಂತದ ಉತ್ತರದ ಟಿಟಿಎಲ್ 1,72,800 ಸೆಕೆಂಡು, ಎಂದರೆ ಸರಿಯಾಗಿ 48 ಗಂಟೆ. ಸಾಲದ್ದಕ್ಕೆ 2004ರವರೆಗೆ ಡಾಟ್ ಕಾಮ್‌ನ ಮೂಲ ಪಟ್ಟಿಯೇ ದಿನಕ್ಕೆರಡು ಸಲ ಮಾತ್ರ ಹೊಸದಾಗುತ್ತಿತ್ತು. ಈಗ ಅದು ನಿಮಿಷಗಳ ಕೆಲಸ. ಆತುರದವರಿಗೆ ಇನ್ನೊಂದು ಮಾತು: ಹೆಸರು ಸಿದ್ಧವಾಗುವ ಮೊದಲೇ ತೆರೆದು ನೋಡಿದರೆ "ಅಂಥದ್ದಿಲ್ಲ" ಎಂಬ ಉತ್ತರವೂ ಕ್ಯಾಶ್ ಸೇರಿ ಕೂರುತ್ತದೆ.

ಕಾಯುವ ಹೊತ್ತನ್ನು ಕಡಿಮೆ ಮಾಡುವ ಉಪಾಯ 1987ರ ಡಿಎನ್‌ಎಸ್ ದಾಖಲೆಯಲ್ಲೇ ಇದೆ: ಬದಲಾವಣೆಗೆ ಮುಂಚೆ ಟಿಟಿಎಲ್ ಇಳಿಸಿ, ಆಮೇಲೆ ಏರಿಸಿ. ಟಿಟಿಎಲ್ ಒಂದು ದಿನದ್ದಾಗಿದ್ದರೆ ಒಂದು ದಿನ ಮೊದಲೇ ಇಳಿಸಬೇಕು. ಬದಲಿಸಿದ ಮೇಲೆ ನೆನಪಾದರೆ ಕಾಯುವುದೊಂದೇ ದಾರಿ. ಆಗಲೇ ಹೊರಗೆ ಹೋದ ಉತ್ತರಗಳನ್ನು ವಾಪಸ್ ಕರೆಸುವ ಆಜ್ಞೆಯನ್ನು ಆ ದಾಖಲೆಯಲ್ಲಿ ಇಟ್ಟೇ ಇಲ್ಲ.